ಓದುವವರ ಬಾಯಿ, ಜೋಡಿಸುವವರ ಕೈ

ರೋಜೆನ್‌ತಾಲ್, ಕಾನ್ಸಾಸ್
ಆಗಸ್ಟ್ 14, 1996, ಬುಧವಾರ

ಪ್ರೀತಿಯ ಇಸಿಡೋರ್,

ಇವತ್ತು ನನಗೆ ಉಪವಾಸ. ನಾಳೆ ಮಾತೆ ಮರಿಯಾ ಸ್ವರ್ಗ ಸೇರಿದ ಹಬ್ಬ. ಹಿಂದಿನ ದಿನ ಉಪವಾಸ ಇರಲೇಬೇಕೆಂಬ ಕಟ್ಟಳೆ ಈಗಿಲ್ಲ ಎಂದು ಫಾದರ್ ಡೆನಿಸ್ ಹೇಳುತ್ತಾರೆ, ಹೇಳಲಿ. ನನ್ನ ಅಜ್ಜಿ ಹಿಡಿದದ್ದನ್ನು ನಾನು ಬಿಡುವವಳಲ್ಲ. ಬೆಳಗ್ಗೆ ಹಾಲಿಲ್ಲದ ಕಾಫಿ, ಒಂದು ಚೂರು ರೊಟ್ಟಿ. ಸಂಜೆಗೆ ಹುರುಳಿಕಾಯಿ ಸಾರು ಇಟ್ಟಿದ್ದೇನೆ, ಹಿಟ್ಟಿನ ಉಂಡೆ ಹಾಕಿ, ಮಾಂಸ ಹಾಕದೆ. ಬಿಸಿಲೇರುವ ಮುಂಚೆ ಕೋಳಿಗಳಿಗೆ ಕಾಳು ಹಾಕಿ, ಮೊಟ್ಟೆ ಎತ್ತಿ, ತೋಟಕ್ಕೆ ನೀರು ಬಿಟ್ಟು, ಎರಡು ಬುಟ್ಟಿ ಎಳೆ ಸೌತೆಕಾಯಿಯನ್ನು ಸಬ್ಬಸಿಗೆ, ವಿನೆಗರ್ ಹಾಕಿ ಜಾಡಿಗೆ ತುಂಬಿದೆ. ಗಾಜಿನ ಮುಚ್ಚಳದ ಹಳೆಯ ಜಾಡಿಗಳಿವೆಯಲ್ಲ, ಅವುಗಳ ರಬ್ಬರ್ ಉಂಗುರಗಳನ್ನೆಲ್ಲ ಎಸೆದು ಹೊಸದು ಹಾಕಿದೆ. ನಿಮ್ಮಮ್ಮ ಇದ್ದಿದ್ದರೆ ಕಸದ ಡಬ್ಬಿಗೆ ಕೈ ಹಾಕಿ ಒಂದೊಂದನ್ನೂ ಹೆಕ್ಕಿ, ಒರೆಸಿ, ಮೊಳೆಗೆ ತಗುಲಿಹಾಕುತ್ತಿದ್ದರು. "ಕೆಟ್ಟಿಲ್ವಲ್ಲ, ಬಿಸಾಕೋದ್ಯಾಕೆ?" ಆ ಮಾತು ಈ ಮನೆಯ ಗೋಡೆಗೇ ಅಂಟಿಕೊಂಡಿದೆ. ಆಮೇಲೆ ಚಳಿಗಾಲದಲ್ಲಿ ಜಾಡಿ ತೆರೆದರೆ ನೊರೆ ಬಂದು ಅರ್ಧ ಹಂದಿಗಳ ಪಾಲಾಗುತ್ತಿತ್ತು, ಅದು ಬೇರೆ ಮಾತು.

ನೀನು ಹೇಗಿದ್ದೀಯ? ಬಲಗಡೆಯ ಹೆಗಲಿನ ನೋವು ಹೇಗಿದೆ? ಕಟಾವು ಯಂತ್ರದ ತಣ್ಣನೆಯ ಗಾಳಿಯನ್ನು ನೇರವಾಗಿ ಹೆಗಲಿಗೆ ಬಿಟ್ಟುಕೊಳ್ಳಬೇಡ ಎಂದು ಹೋದ ವರ್ಷವೂ ಹೇಳಿದ್ದೆ. ನಿಮ್ಮ ಕಟಾವು ತಂಡದ ಅಡುಗೆಯ ಮಾರ್ಜ್‌ಗೆ ನಾನು ಕೇಳಿದೆನೆಂದು ಹೇಳು, ನಿನಗೆ ಬೆಳಗ್ಗೆ ಎರಡಕ್ಕಿಂತ ಹೆಚ್ಚು ಸಾಸೇಜು ಕೊಡಬಾರದೆಂದೂ ಹೇಳು. ಮೊಂಟಾನಾದಲ್ಲಿ ರಾತ್ರಿ ಈಗಲೇ ಚಳಿ ಶುರುವಾಗಿರಬೇಕು. ಕಂಬಳಿ ಸೂಟ್‌ಕೇಸಿನ ತಳದಲ್ಲಿದೆ, ನೀನು ಇನ್ನೂ ತೆಗೆದಿರಲಾರೆ. ನನಗೇನೂ ಆಗಿಲ್ಲ. ಮೊಣಕಾಲು ಮೆಟ್ಟಿಲು ಇಳಿಯುವಾಗ ಮಾತ್ರ ಗೊಣಗುತ್ತದೆ. ಮನೆ ಗಟ್ಟಿಯಾಗಿದೆ, ಚಾವಣಿ ಸೋರುತ್ತಿಲ್ಲ, ನಿನ್ನ ನಾಯಿ ನನ್ನ ಮಾತು ಕೇಳುವುದನ್ನು ಕಲಿತಿದೆ.

ಈಗ ಸುದ್ದಿಗೆ ಬರುತ್ತೇನೆ. ಭಾನುವಾರ ಭಾನುವಾರ ನೀನು ಫೋನ್ ಮಾಡಿದಾಗಲೆಲ್ಲ ಗೋಧಿ ಎಷ್ಟು ಒಣಗಿದೆ, ಮಳೆ ಯಾವ ಊರಿಗೆ ಬಂತು ಎಂದು ಹೇಳುವಷ್ಟರಲ್ಲಿ ಹಿಂದಿನಿಂದ ಇನ್ಯಾರೋ ಫೋನಿಗೆ ಕಾಯುತ್ತಿರುತ್ತಾರೆ. ನಾನೂ ಕೋಳಿ, ಟೊಮೆಟೊ ಎಂದು ಹೇಳಿ ಇಟ್ಟುಬಿಡುತ್ತೇನೆ. ಆದ್ದರಿಂದ ಇದನ್ನು ಬರೆದೇ ತಿಳಿಸುತ್ತಿದ್ದೇನೆ, ಕುಳಿತುಕೊಂಡು ಓದು. ನಾನು ರಾಕೆಟ್ ಹಾರಿಸಿದೆ. ಹೋದ ಶನಿವಾರ, ಪಯಸ್ ಭಾವನ ಹೊಲದಲ್ಲಿ, ನಿಮ್ಮ ರಾಕೆಟ್ ಕ್ಲಬ್ಬಿನ ಡಾರ್ಲೀನಳ ಕಣ್ಣೆದುರಿಗೆ. ಮೊದಲನೇ ದರ್ಜೆಯ ಪರೀಕ್ಷೆ ಪಾಸಾಗಿದ್ದೇನೆ. ನಗಬೇಡ. ನಕ್ಕರೂ ಮಾರ್ಜ್‌ಗೆ ಕೇಳಿಸುವ ಹಾಗೆ ನಗಬೇಡ, ಅವಳು ಅದನ್ನು ನಾಲ್ಕು ರಾಜ್ಯಕ್ಕೆ ಹಂಚುತ್ತಾಳೆ.

ಮೇ ತಿಂಗಳಲ್ಲಿ ಹೊರಡುವಾಗ ನೀನು ಹೇಳಿದ್ದು ನೆನಪಿದೆ. "ಆ ಸಾಮಾನೆಲ್ಲ ಡಾರ್ಲೀನ್‌ಗೆ ಕೊಟ್ಬಿಡು. ನನಗೆ ಸಾಕಾಗಿದೆ." ಮೋಟಾರಿನ ಒಡೆದ ದೊಡ್ಡ ಕೊಳವೆಯನ್ನು ಕೊಟ್ಟಿಗೆಯ ಬಕೆಟ್ಟಿನಲ್ಲಿ ಎಸೆದು, ಕಟಾವು ಶುರುವಾಗುವ ಟೆಕ್ಸಾಸಿನ ದಾರಿ ಹಿಡಿದೆ. ನಾನು ಕೊಡಲಿಲ್ಲ. ಗಂಡ ಸಿಟ್ಟಿನಲ್ಲಿ ಆಡಿದ ಮಾತಿಗೆಲ್ಲ ಹೆಂಡತಿ ಕೈಕಾಲು ಕೊಡುತ್ತ ಹೋದರೆ ಮನೆಯಲ್ಲಿ ಒಲೆಯೂ ಉಳಿಯುವುದಿಲ್ಲ. ಆದರೆ ಕೊಳವೆ ಒಡೆದದ್ದಕ್ಕಲ್ಲ ನನ್ನ ಸಂಕಟ. ಅವತ್ತು ನಿನ್ನ ರಾಕೆಟ್ಟು ಒಡೆದು ಬಿದ್ದಾಗ ಅಷ್ಟು ಜನರ ನಡುವೆ ನೀನು ನಿನ್ನ ಅಣ್ಣನ ಕಡೆಗೆ ಬೆರಳು ತೋರಿಸಿ, "ಇವನು ಜೋಡಿಸೋ ಸೂಚನೇಲಿ ಒಂದು ಸಾಲು ಹಾರಿಸಿ ಓದಿದ, ಅದಕ್ಕೇ ಮೋಟಾರಿಗೆ ರಬ್ಬರ್ ಉಂಗುರ ಹಾಕೋದು ತಪ್ಪಿಹೋಯ್ತು" ಎಂದೆಯಲ್ಲ, ಅಲ್ಲಿಂದ ಈಚೆ ಪಯಸ್ ಭಾವ ಚರ್ಚಿನಲ್ಲಿ ಬೈಬಲಿನ ವಾಚನ ಓದುವುದನ್ನು ಬಿಟ್ಟಿದ್ದಾರೆ. ನಿನಗೆ ಇದನ್ನು ಹೇಳಿರಲಿಲ್ಲ. ಒಂದೆರಡು ವಾರದಲ್ಲಿ ಸರಿಹೋಗುತ್ತದೆ ಎಂದುಕೊಂಡಿದ್ದೆ, ಹೋಗಲಿಲ್ಲ. ಮೂರು ತಿಂಗಳಿಂದ ಕಡೆಯ ಬೆಂಚಿನಲ್ಲಿ, ಬಾಗಿಲ ಪಕ್ಕ, ಟೊಪ್ಪಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಕಡೆಯ ಹಾಡು ಮುಗಿಯುವ ಮುಂಚೆ ಅವರ ಟ್ರಕ್ಕು ರಸ್ತೆಯಲ್ಲಿರುತ್ತದೆ. ಅವರ ಬದಲಿಗೆ ಹರಾಜು ಕೂಗುವ ಎಲ್ಮರ್ ಓದುತ್ತಾನೆ. ಪಾಪ, ಒಳ್ಳೆಯವನು, ಆದರೆ ಪ್ರವಾದಿಯ ಗೋಳನ್ನು ಅವನು ಓದಿದರೆ ಯಾರೋ ಮೂರನೇ ಸಲ ಕೂಗಿ ಹಸುವನ್ನು ಹೊಡೆದುಕೊಂಡು ಹೋದ ಹಾಗೆ ಇರುತ್ತದೆ. ನಿನ್ನ ಅಣ್ಣ ಓದುತ್ತಿದ್ದದ್ದು ನೆನಪಿದೆಯೇ? ಎಂಟನೇ ತರಗತಿ ದಾಟದ ಮನುಷ್ಯ, ವಾರವಿಡೀ ಕೊಟ್ಟಿಗೆಯಲ್ಲಿ ಹಸುಗಳ ಮುಂದೆ ಓದಿ ಓದಿ ನಾಲಗೆ ಪಳಗಿಸಿಕೊಂಡು, ಭಾನುವಾರ ಬೆರಳಿಟ್ಟು ಒಂದೊಂದೇ ಮಾತನ್ನು ನೆಲಕ್ಕಿಳಿಸುತ್ತಿದ್ದರು. ಅವರು ಓದಿದ್ದು ನನಗೆ ಬುಧವಾರದವರೆಗೂ ಕಿವಿಯಲ್ಲಿರುತ್ತಿತ್ತು.

ಹಾಗಾಗಿ ಜೂನ್ ತಿಂಗಳಲ್ಲಿ ನಾನು ತೀರ್ಮಾನ ಮಾಡಿದೆ. ಅವರ ಬಾಯಿ ಎಲ್ಲಿ ಮುಚ್ಚಿತೋ ಅಲ್ಲೇ ತೆರೆಯಬೇಕು. ಚರ್ಚಿಗೆ ಎಳೆದರೆ ಬರುವವರಲ್ಲ. ಮೋಟಾರಿನ ಮುಂದೆ ಕೂರಿಸಬೇಕು. ಅದಕ್ಕೆ ಯಾರಾದರೂ ಮೋಟಾರು ಜೋಡಿಸಬೇಕಲ್ಲ? ನೀನಿಲ್ಲ. ಇನ್ನು ನಾನೇ ಸರಿ.

ಡಾರ್ಲೀನ್‌ಗೆ ಫೋನ್ ಮಾಡಿದೆ. ಕ್ಲಬ್ಬಿನ ಸುರಕ್ಷತೆ ನೋಡಿಕೊಳ್ಳುವವಳು ಎಂದ ಮೇಲೆ ಅವಳನ್ನು ಕೇಳದೆ ಒಂದು ಬೆಂಕಿಕಡ್ಡಿಯನ್ನೂ ಗೀರುವ ಹಾಗಿಲ್ಲ. "ಇಸಿಡೋರನ ರಾಕೆಟ್ಟನ್ನೇ ಹಾರಿಸ್ತೀನಿ ಅಂದ್ರೆ ನಡೆಯಲ್ಲಮ್ಮ, ಪರೀಕ್ಷೆಗೆ ನೀನೇ ಕಟ್ಟಿದ್ದೇ ಬೇಕು" ಎಂದಳು. ಕಟ್ಟಿದೆ. ಊಟದ ಮೇಜಿನ ಮೇಲೆ ಮೇಣದ ಬಟ್ಟೆ ಹಾಸಿ ಜುಲೈ ಪೂರ್ತಿ ಅಂಟು ಹಾಕಿ, ಉಜ್ಜಿ, ಮತ್ತೆ ಅಂಟು ಹಾಕಿದೆ. ಮನೆಯೆಲ್ಲ ನಿನ್ನ ಕೊಟ್ಟಿಗೆಯ ವಾಸನೆ ಬಂತು. ನಿಜ ಹೇಳಬೇಕೆಂದರೆ ಅದು ನನಗೆ ಬೇಸರವಾಗಲಿಲ್ಲ. ಪ್ಯಾರಾಚೂಟನ್ನು ಕೊಳ್ಳಲಿಲ್ಲ, ಹೊಲಿದೆ. ಪೂಜೆಯ ಬಟ್ಟೆಗಳಿಗೆ ಅಂಚು ಕಟ್ಟುವ ಕೈಗೆ ಅದೇನು ದೊಡ್ಡದು? ನೀಲಿ ನೈಲಾನು, ಎರಡು ಸಾಲು ಹೊಲಿಗೆ. ಡಾರ್ಲೀನ್ ಎಳೆದು ನೋಡಿ, "ಇದ್ರಲ್ಲಿ ನನ್ನನ್ನೇ ಕಟ್ಟಿ ಎಸೆದ್ರೂ ಕಿತ್ತುಹೋಗಲ್ಲ" ಎಂದಳು. ಅವಳ ತೂಕ ನಿನಗೆ ಗೊತ್ತು.

ಮೋಟಾರಿಗೆ ನಿನ್ನ ಚಿಕ್ಕ ಕೊಳವೆಯನ್ನೇ ತೆಗೆದುಕೊಂಡೆ, ಡಾರ್ಲೀನ್ ಅದಕ್ಕೆ ಅಡ್ಡಿ ಹೇಳಲಿಲ್ಲ. ತೆಗೆದು ನೋಡಿದರೆ, ಅಯ್ಯೋ ಮನುಷ್ಯನೇ! ಈಸ್ಟರಿಗೆ ಮುಂಚೆ ಹಾರಿಸಿದಾಗಿನ ಮಸಿ ಹಾಗೆಯೇ ಇತ್ತು. ಎರಡೂ ಮುಚ್ಚಳ ತಿರುಪಿನ ಸುತ್ತಿನಲ್ಲಿ ಕಚ್ಚಿಕೊಂಡು ಕೂತಿದ್ದವು. ಇನ್ನೊಬ್ಬರ ಕೊಳವೆಯನ್ನು ಸಾಲ ತೆಗೆದುಕೊಂಡರೆ ಅವತ್ತೇ ತೊಳೆದು ಫಳಫಳ ಮಾಡಿ ಕೊಡುವವನು ನೀನು, ನಿನ್ನದಕ್ಕೆ ಮಾತ್ರ ತೊಳೆಯುವ ಸೋಮವಾರ ಬರುವುದೇ ಇಲ್ಲ. ಬಿಸಿನೀರಿಗೆ ವಿನೆಗರ್ ಬೆರೆಸಿ ಒಂದು ಹಗಲು ನೆನೆಸಿಟ್ಟೆ. ಕೊಳೆತ ಮೊಟ್ಟೆಯ ವಾಸನೆಗೆ ನಾಯಿ ಎದ್ದು ಹೊರಗೆ ಹೋಯಿತು. ಆಮೇಲೆ ಜಾಡಿ ಮುಚ್ಚಳ ತೆಗೆಯುವ ರಬ್ಬರ್ ಚೂರು ಹಿಡಿದು, ಸಂತ ಅಂತೋಣಿಯನ್ನು ನೆನೆದು ತಿರುಗಿಸಿದೆ, ಬಂತು. ಒಳಗಿನ ಸುಟ್ಟ ಕಾಗದದ ಸುರುಳಿಯನ್ನು ಪೊರಕೆಯ ಕೋಲಿನಿಂದ ತಳ್ಳಿ ಹಾಕಿದೆ. ಸುತ್ತುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನೂಲು ಬಿಡದ ದಿಂಬಿನ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಒಳಗೆ ಇಣುಕಿದರೆ ಬಂದೂಕಿನ ನಳಿಗೆಯ ಹಾಗೆ ಹೊಳೆಯುತ್ತಿತ್ತು. ಒಂದು ಗೀರೂ ಇಲ್ಲ. ಅದೇ ಉತ್ಸಾಹದಲ್ಲಿ ಬಕೆಟ್ಟಿನಲ್ಲಿದ್ದ ಒಡೆದ ದೊಡ್ಡ ಕೊಳವೆಯನ್ನೂ ತೊಳೆದೆ. ಅದು ಇನ್ನು ಹಾರುವುದಿಲ್ಲ, ಮೇಲ್ತುದಿಯಲ್ಲಿ ಒಂದು ಕಡೆ ಇಲಿ ಕಚ್ಚಿದ ಹಾಗೆ ಬೆಂದುಹೋಗಿದೆ. ಆದರೂ ಕೊಳೆಯೊಂದಿಗೆ ಯಾವುದನ್ನೂ ಎಸೆಯಬಾರದು. ಅದರ ಮಾತು ಕಡೆಗೆ ಬರೆಯುತ್ತೇನೆ.

ಇನ್ನು ಪಯಸ್ ಭಾವ. ಎಲೆಕೋಸು, ಈರುಳ್ಳಿ ತುಂಬಿದ ಬನ್ನುಗಳನ್ನು ಬಿಸಿಯಾಗಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಒಂಟಿ ಗಂಡಸಿನ ಹತ್ತಿರ ಬರಿಗೈಲಿ ಹೋಗಿ ಏನನ್ನೂ ಕೇಳಬಾರದು. ಅವರು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದರು. ಬೂಟುಗಳೊಂದಿಗೇ ಮಾತಾಡಿದೆ. ಶನಿವಾರ ಮೋಟಾರು ಜೋಡಿಸುತ್ತಿದ್ದೇನೆ, ಓದಲು ಒಬ್ಬರು ಬೇಕು ಎಂದೆ. ಬೂಟುಗಳು ಅಲ್ಲಾಡುವುದು ನಿಂತಿತು. ಆಮೇಲೆ ಒಳಗಿನಿಂದ ದನಿ ಬಂತು. "ಬೇರೆ ಯಾರನ್ನಾದ್ರೂ ಕೇಳು ಒಟಿಲಿಯಾ. ನನ್ನ ಕಣ್ಣು ಸಾಲು ಹಾರುತ್ತೆ. ಒಂದ್ಸಲ ಹಾರಿದ್ದಕ್ಕೆ ಅವನ ಚಳಿಗಾಲದ ಕೆಲಸ ಎಲ್ಲ ಮಣ್ಣಾಯ್ತು. ಇನ್ನೊಂದ್ಸಲ ಹಾರಿ ನಿನ್ನ ಕೈ ಹೋದ್ರೆ?" ನಾನು ಕೇಳಿದೆ, "ನೀವು ಓದ್ದೇ, ನಾನೊಬ್ಬಳೇ ಓದ್ಕೊಂಡು ಜೋಡಿಸಿ ಕೈ ಹೋದ್ರೆ ಆ ಪಾಪ ಯಾರ ಲೆಕ್ಕಕ್ಕೆ ಭಾವ?" ಟ್ರ್ಯಾಕ್ಟರಿನ ಕೆಳಗಿಂದ ಒಂದು ಕೈ ಹೊರಗೆ ಬಂತು. "ಬನ್ನು ಕೊಡು. ನೀನು ಪಾದ್ರಿ ಆಗ್ಬೇಕಿತ್ತು." ಬರುತ್ತೇನೆ ಎಂದು ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ನಿಮ್ಮ ವಂಶದಲ್ಲಿ ಇದಕ್ಕಿಂತ ದೊಡ್ಡ ಒಪ್ಪಿಗೆಯನ್ನು ನಾನು ಕಂಡಿಲ್ಲ. ನನ್ನನ್ನು ಮದುವೆಯಾಗುತ್ತೀಯಾ ಎಂದು ನೀನೂ ಬಾಯಿಬಿಟ್ಟು ಕೇಳಿದವನಲ್ಲ, ಹೊಸ ಬೇಲಿ ತೋರಿಸಿದೆ ಅಷ್ಟೇ.

ಶನಿವಾರ ಗಾಳಿ ಇರಲಿಲ್ಲ ಎನ್ನುವಷ್ಟು ಕಡಿಮೆ. ಭಾವ ಹೊಲದ ಕೂಳೆಯನ್ನು ಉತ್ತು ಮಣ್ಣು ತಿರುವಿದ್ದರು, ನೀರಿನ ಟ್ಯಾಂಕು ಪಕ್ಕದಲ್ಲೇ ನಿಂತಿತ್ತು, ಬೆಂಕಿಯ ಭಯವಿಲ್ಲ. ಟ್ರಕ್ಕಿನ ಹಿಂಬದಿಯ ಹಲಗೆ ಇಳಿಸಿ ಬಿಳಿ ಬಟ್ಟೆ ಹಾಸಿ ಒಂದೊಂದೇ ಭಾಗವನ್ನು ಸಾಲಾಗಿ ಜೋಡಿಸಿಟ್ಟೆ. ಪೂಜೆಗೆ ಪೀಠ ಅಣಿಮಾಡಿದ ಹಾಗೆ ಕಂಡಿತು, ದೇವರು ಕ್ಷಮಿಸಲಿ. ಜೇಬಿನಿಂದ ಪುಟ್ಟ ಬಾಟಲಿ ತೆಗೆದು ರಾಕೆಟ್ಟಿಗೆ ಪವಿತ್ರ ಜಲ ಚಿಮುಕಿಸಿದೆ. ಡಾರ್ಲೀನ್ ಬೆನ್ನ ಹಿಂದಿನಿಂದ, "ಮೂತಿಗೆ ಚಿಮುಕಿಸು, ಬಾಲಕ್ಕೆ ಚಿಮುಕಿಸು, ಮೋಟಾರಿಗೆ ಮಾತ್ರ ಒಂದು ಹನೀನೂ ಬೇಡ. ಮದ್ದಿಗೆ ದೇವರ ನೀರು ಬಾವಿ ನೀರು ಅನ್ನೋ ಭೇದ ಇಲ್ಲ" ಎಂದಳು. ಅಷ್ಟರಲ್ಲಿ ಭಾವ ಬಂದರು. ಚರ್ಚಿನ ಅಂಗಿ ಹಾಕಿದ್ದರು, ಇಸಿಡೋರ್. ಇಸ್ತ್ರಿ ಮಾಡಿದ್ದು. ಕೈಯಲ್ಲಿ ತಿಂಡಿ ಡಬ್ಬದ ರಟ್ಟಿನ ಒಂದು ತುಂಡು. ಅದರ ನಡುವೆ ಒಂದೇ ಸಾಲು ಕಾಣುವ ಹಾಗೆ ಕಿಟಕಿ ಕತ್ತರಿಸಿದ್ದರು. ಅದರ ಅಂಚುಗಳು ಆಗಲೇ ಸವೆದು ಎಣ್ಣೆಜಿಡ್ಡಾಗಿದ್ದವು. ಅಂದರೆ ಅದನ್ನು ಅವತ್ತು ಮಾಡಿದ್ದಲ್ಲ. ಈ ಮೂರು ತಿಂಗಳೂ ಆ ಮನುಷ್ಯ ಮನೆಯಲ್ಲಿ ಕೂತು, ಯಾರಿಗೂ ಹೇಳದೆ, ಸಾಲು ಹಾರದ ಹಾಗೆ ಓದುವುದನ್ನು ಮತ್ತೆ ಮೊದಲಿನಿಂದ ಕಲಿಯುತ್ತಿದ್ದರು. ನಾನು ನೋಡದವಳ ಹಾಗೆ ಗ್ರೀಸಿನ ಡಬ್ಬಿ ತೆರೆದೆ.

ನೀನೇ ಮಾಡಿದ ಕಟ್ಟಳೆಯನ್ನು ಪಾಲಿಸಿದೆವು. ಓದುವವರ ಬಾಯಿ ಬೇರೆ, ಜೋಡಿಸುವವರ ಕೈ ಬೇರೆ. ಓದುವವರು ಒಂದು ಸಾಲು ಓದಬೇಕು, ಕೈ ಅದನ್ನು ಮುಗಿಸಿ "ಆಮೆನ್" ಎನ್ನಬೇಕು, ಆಮೆನ್ ಬಾರದೆ ಮುಂದಿನ ಸಾಲಿಲ್ಲ. ನಡುವೆ ಬೇರೆಯವರು ಕೆಮ್ಮುವ ಹಾಗೂ ಇಲ್ಲ. ಬೇರೆ ಊರಿನ ಕ್ಲಬ್ಬಿನವರು ನಿಮ್ಮಿಬ್ಬರ ಆಮೆನ್ ಕೇಳಿ ನಗುತ್ತಿದ್ದರು. ಆದರೆ ಅಷ್ಟು ವರ್ಷ ನಿಮ್ಮ ಮೋಟಾರು ಒಂದೂ ಒಡೆದಿರಲಿಲ್ಲವಲ್ಲ. ಭಾವನ ಮೊದಲ ಸಾಲು ಸರಿಯಾಗಿ ಹೊರಡಲಿಲ್ಲ. ಮತ್ತೆ ಓದಿದರು. ಕೊಳವೆಯ ಒಳಗೆ ಕಸ, ಗೀರು ಇಲ್ಲವೆಂದು ನೋಡಿ. ನೋಡಿದೆ, ಆಮೆನ್. ತಡವಾಗಿ ಉರಿಯುವ ಮದ್ದಿನ ಬಿಲ್ಲೆಗೆ ಗ್ರೀಸು ತಾಗದಿರಲಿ, ತಾಗಿದರೆ ಅದು ಹೊತ್ತಿಕೊಳ್ಳದು, ಪ್ಯಾರಾಚೂಟು ಬಿಚ್ಚದು. ಕೈ ಒರೆಸಿಕೊಂಡು ಬಿಲ್ಲೆಯನ್ನು ಮೇಲಿನ ಮುಚ್ಚಳದೊಳಗೆ ಕೂರಿಸಿದೆ, ಆಮೆನ್. ನಡುವೆ ತೂತಿರುವ ಮದ್ದಿನ ತುಂಡುಗಳನ್ನು ಒಂದರ ಹಿಂದೊಂದು ಕಾಗದದ ಸುರುಳಿಯೊಳಗೆ ಜಾರಿಸಿ. ಜಾರಿಸಿದೆ, ಸಾಸೇಜು ತುಂಬಿದಷ್ಟೇ ಸುಲಭ, ಆಮೆನ್. ನಾಲ್ಕನೇ ಐದನೇ ಸಾಲಿನ ಹೊತ್ತಿಗೆ ಅವರ ದನಿ ತನ್ನ ಜಾಗಕ್ಕೆ ಬಂದಿತ್ತು. ನಾನು ತಲೆ ಎತ್ತಲಿಲ್ಲ, ಆದರೆ ನನ್ನ ಕಿವಿ ಮೂರು ತಿಂಗಳ ಮೇಲೆ ಊಟ ಮಾಡುತ್ತಿತ್ತು.

ಆಮೇಲೆ ಆ ಸಾಲು ಬಂತು. "ಮೇಲ್ತುದಿಗೆ, ಈ ಪೊಟ್ಟಣದಲ್ಲಿರುವ ಹೊಸ ರಬ್ಬರ್ ಉಂಗುರಕ್ಕೆ ತೆಳುವಾಗಿ ಗ್ರೀಸು ಹಚ್ಚಿ ಕೂರಿಸಿ. ಒಮ್ಮೆ ಬಳಸಿದ ಉಂಗುರವನ್ನು ಮತ್ತೆ ಬಳಸಬೇಡಿ." ಓದಿದರು, ನಿಂತರು. ರಟ್ಟಿನ ಕಿಟಕಿಯನ್ನು ಆ ಸಾಲಿನ ಮೇಲೇ ಒತ್ತಿ ಹಿಡಿದರು. ಕಟ್ಟಳೆ ಮುರಿದು ಮಾತಾಡಿದರು. "ಇದನ್ನ ನಾನು ಅವತ್ತು ಓದಿದ್ದೆ ಒಟಿಲಿಯಾ. ಅವನು ಆಮೆನ್ ಅಂದ. ಅಂದ ಅನ್ಸುತ್ತೆ. ದಿನಾ ಅದನ್ನೇ ನೆನೆಸ್ಕೊಂಡೂ ನೆನೆಸ್ಕೊಂಡೂ, ಈಗ ಯಾವುದು ನೆನಪು, ಯಾವುದು ನನ್ನಾಸೆ, ಒಂದೂ ಗೊತ್ತಾಗ್ತಿಲ್ಲ." ಡಾರ್ಲೀನ್ ಸಿಗರೇಟು ಹಚ್ಚದೆ ಬಾಯಲ್ಲಿಟ್ಟುಕೊಂಡು ಆಕಾಶ ನೋಡುತ್ತಿದ್ದಳು. ನಾನು ಪೊಟ್ಟಣ ಹರಿದು, ಹೊಸ ಉಂಗುರವನ್ನು ಬೆರಳ ನಡುವೆ ಒಂದು ಸುತ್ತು ಸವರಿ, ಎಲ್ಲೂ ಕತ್ತರಿಸಿಲ್ಲವೆಂದು ನೋಡಿ, ತುಟಿಗೆ ಮುಲಾಮು ಹಚ್ಚುವಷ್ಟೇ ಗ್ರೀಸು ಹಚ್ಚಿ ಕೂರಿಸಿದೆ. "ಆಮೆನ್" ಎಂದೆ. ಬೇಕೆಂದೇ ಸ್ವಲ್ಪ ಜೋರಾಗಿ ಎಂದೆ. ಅವರು ಕಿಟಕಿಯನ್ನು ಕೆಳಗಿನ ಸಾಲಿಗೆ ಜಾರಿಸಿದರು. ಎರಡೂ ಮುಚ್ಚಳಗಳನ್ನು ಕೈಯಲ್ಲೇ ನಿಲ್ಲುವವರೆಗೆ ತಿರುಗಿಸಿ. ಮೇಲೆ ಕರಿಮದ್ದು ಸುರಿದು ಕೆಂಪು ಬಿರಡೆ ಮುಚ್ಚಿ. ಆಮೆನ್, ಆಮೆನ್. ಮುಗಿದಾಗ ಅವರ ಅಂಗಿಯ ಬೆನ್ನು ನೆನೆದಿತ್ತು.

ಹಾರಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀನು ಎಷ್ಟೋ ನೋಡಿದ್ದೀಯ. ಆದರೆ ತನ್ನ ಕೈಯಲ್ಲಿ ಜೋಡಿಸಿದ್ದು ಹೋಗುವುದನ್ನು ನೋಡುವುದೇ ಬೇರೆ ಎಂದು ನೀನು ಹೇಳುತ್ತಿದ್ದಾಗ ನಾನು ಹೆಣಿಗೆ ಹಾಕುತ್ತ ಹೂಂ ಎನ್ನುತ್ತಿದ್ದೆ. ಈಗ ಆ ಹೂಂ ಅನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಡಾರ್ಲೀನ್ ಹಿಂದಕ್ಕೆ ಎಣಿಸಿದಳು, ನಾನು ಗುಂಡಿ ಒತ್ತಿದೆ. ಏನೂ ಆಗಲಿಲ್ಲವೇನೋ ಎನ್ನುವಷ್ಟರಲ್ಲಿ ಹೋಗಿಯೇ ಬಿಟ್ಟಿತ್ತು. ಸದ್ದು ಎದೆಗೆ ಬಡಿದು, ಬಿಳಿ ಹೊಗೆಯ ದಾರ ಒಂದೇ ನೇರಕ್ಕೆ ಮೇಲೆ ನಿಂತಿತು. ಆಮೇಲಿನ ಮೌನದಲ್ಲಿ ನಾನು ಒಂದು ನಮೋ ಮರಿಯಾ ಜಪ ಶುರುಮಾಡಿದೆ. ಅರ್ಧಕ್ಕೆ ಬಂದಿದ್ದೆ, ಮೇಲೆ ಪಟ್ ಎಂದು ನೀಲಿ ಬಿಚ್ಚಿಕೊಂಡಿತು. ಉಳಿದರ್ಧವನ್ನು ಅದು ಇಳಿಯುವಾಗ ಮುಗಿಸಿದೆ. ಭಾವನ ಜೋಳದ ಹೊಲದ ನಡುವೆ ಬಿತ್ತು. ಅರವತ್ತು ದಾಟಿದ ಮನುಷ್ಯ, ಇಸ್ತ್ರಿ ಅಂಗಿಯಲ್ಲಿ, ಟೊಪ್ಪಿ ಹಾರಿಹೋದದ್ದನ್ನೂ ನೋಡದೆ ಓಡಿದರು. ತೆನೆಗಳ ನಡುವೆ ಬೊಕ್ಕತಲೆ ಮಾತ್ರ ಕಾಣುತ್ತಿತ್ತು. ದೀಕ್ಷಾಸ್ನಾನಕ್ಕೆ ಮಗುವನ್ನು ತಂದ ಹಾಗೆ ಎರಡೂ ತೋಳಿನಲ್ಲಿ ರಾಕೆಟ್ಟನ್ನು ಹೊತ್ತು ತಂದರು. "ಇನ್ನೂ ಬೆಚ್ಚಗಿದೆ" ಎಂದರು. ಡಾರ್ಲೀನ್ ತಿರುಗಿಸಿ ತಿರುಗಿಸಿ ನೋಡಿ, ರೆಕ್ಕೆಗೆ ಬಣ್ಣ ಕೆರೆದದ್ದು ಬಿಟ್ಟರೆ ಏನೂ ಆಗಿಲ್ಲ ಎಂದು ಸಹಿ ಹಾಕಿದಳು. ಆಮೇಲೆ ಭಾವನ ಕಡೆ ತಿರುಗಿ, "ಮುಂದಿನ ತಿಂಗಳು ನನ್ನದೊಂದು ದೊಡ್ಡದಿದೆ. ಓದೋಕೆ ಬರ್ತೀಯೇನಯ್ಯಾ?" ಎಂದಳು. ಅವರು ಟೊಪ್ಪಿ ಹುಡುಕಲು ಹೋದರು.

ಕೊಳವೆಯನ್ನು ಅವತ್ತೇ, ಬಿಸಿ ಆರುವ ಮುಂಚೆ ಬಿಚ್ಚಿ ತೊಳೆದೆ. ಮಸಿ ಬೆಣ್ಣೆಯ ಹಾಗೆ ಬಂತು. ನೋಡು, ಎಷ್ಟು ಸುಲಭ. ಉಪಯೋಗಿಸಿದ ಉಂಗುರಗಳನ್ನು ಕತ್ತರಿಸಿ ಕಸಕ್ಕೆ ಹಾಕಿದೆ, ಮತ್ತೆ ಯಾರ ಕೈಗೂ ಸಿಗದಿರಲಿ ಎಂದು. ಸುತ್ತುಗಳಿಗೆ ತೆಳುವಾಗಿ ಗ್ರೀಸು ಬಳಿದು, ನಿನ್ನ ಉಣ್ಣೆಯ ಕಾಲುಚೀಲದೊಳಗೆ ಇಟ್ಟಿದ್ದೇನೆ. ಒಂಟಿ ಕಾಲುಚೀಲವೇ, ಬಯ್ಯಬೇಡ.

ಇನ್ನೊಂದು ಮಾತು. ಸೆಪ್ಟೆಂಬರ್ ಎಂಟಕ್ಕೆ ಮಾತೆ ಮರಿಯಾ ಹುಟ್ಟಿದ ಹಬ್ಬ, ನಮ್ಮ ಚರ್ಚಿನ ಹಬ್ಬ, ಈ ಸಲ ಭಾನುವಾರವೇ ಬಂದಿದೆ. ಫಾದರ್ ಡೆನಿಸ್ ಮೊನ್ನೆ ಭಾನುವಾರ ಕಡೆಯ ಬೆಂಚಿನವರೆಗೂ ನಡೆದುಹೋಗಿ, ಮೊದಲನೇ ವಾಚನ ನೀವೇ ಓದಬೇಕು ಎಂದು ಭಾವನಿಗೆ ಹೇಳಿದರು. ಭಾವ ಟೊಪ್ಪಿಯ ಅಂಚನ್ನು ತಿರುಗಿಸುತ್ತ, "ಒಂದು ಮೋಟಾರು ಓದಿದ ತಕ್ಷಣ ದೇವರ ಮಾತು ಓದಬಹುದು ಅಂತಲ್ಲ ಫಾದರ್. ಅವತ್ತು ನಾನು ಸಾಲು ಹಾರಿಸಿದ್ನೋ ಇಲ್ವೋ, ಅದು ನನಗೆ ಇನ್ನೂ ಗೊತ್ತಾಗಿಲ್ಲ" ಎಂದರು. ನಾನು ಪಕ್ಕದಲ್ಲೇ ಇದ್ದೆ. ನನ್ನ ಕೈಯಲ್ಲಾದದ್ದನ್ನು ನಾನು ಮಾಡಿದೆ, ಇಸಿಡೋರ್. ಇನ್ನುಳಿದದ್ದು ನನ್ನ ಕೈಯಲ್ಲಿಲ್ಲ.

ಹೊಟ್ಟೆ ಚುರುಗುಟ್ಟುತ್ತಿದೆ, ಸಾರು ಕುದಿಯುವ ವಾಸನೆ ಬರುತ್ತಿದೆ, ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆಯಲು ಇನ್ನೂ ಹೊತ್ತಿದೆ. ಜಪಸರದ ಒಂದು ಸುತ್ತು ದಿನವೂ ನಿನ್ನ ಹೆಸರಿಗೆ. ಹೊಲಗದ್ದೆಯವರನ್ನು ಕಾಯುವ ನಿನ್ನ ಹೆಸರಿನ ಸಂತ ನೀನು ಹಿಡಿದ ಸ್ಟಿಯರಿಂಗ್ ಚಕ್ರದ ಮೇಲೆ ತಾನೂ ಒಂದು ಕೈ ಇಟ್ಟಿರಲಿ, ನಿನ್ನನ್ನು ಇಡಿಯಾಗಿ ಮನೆಗೆ ತರಲಿ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು.

ನಿನ್ನ
ಒಟಿಲಿಯಾ

ಇಷ್ಟು ಬರೆದು ಲಕೋಟೆ ಅಂಟಿಸಲು ಹೋಗಿ ನಿಲ್ಲಿಸಿದೆ. ಮುಖ್ಯವಾದದ್ದನ್ನು ಬರೆಯದೆ ಅಂಟಿಸಿದರೆ ಉಪವಾಸ ಮುರಿದ ಹಾಗೆ. ಮೇ ತಿಂಗಳಲ್ಲಿ ನೀನು ಹೊರಟುಹೋದ ಮೇಲೆ ನಿನ್ನ ನೀಲಿ ಮೇಲುಡುಪು ಒಗೆಯುವಾಗ ಎದೆಯ ಜೇಬಿನಲ್ಲಿ ಒಂದು ಪುಟ್ಟ ಪೊಟ್ಟಣ ಸಿಕ್ಕಿತ್ತು, ಒಳಗೆ ಒಂದು ಹೊಸ ರಬ್ಬರ್ ಉಂಗುರ. ಏನೆಂದು ತಿಳಿಯದೆ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಜುಲೈ ತಿಂಗಳಲ್ಲಿ ನನ್ನ ಮೋಟಾರಿನ ಸಾಮಾನಿನಲ್ಲಿ ಅದರದೇ ತಂಗಿ ಬಂದಾಗ ತಿಳಿಯಿತು. ಅದರ ಮೇಲೆ ಒಡೆದ ಕೊಳವೆ ತೊಳೆಯುವಾಗ, ಮೇಲ್ತುದಿಯಲ್ಲಿ ಬೇಯದೆ ಉಳಿದ ಕಡೆ, ಮಸಿಯ ಅಡಿಯಲ್ಲಿ ಇನ್ನೊಂದು ಉಂಗುರದ ತುಂಡು ಅಂಟಿಕೊಂಡಿತ್ತು. ಗಟ್ಟಿಯಾಗಿ, ಬಿರುಕುಬಿಟ್ಟು, ಜಾಡಿಯ ಹಳೆಯ ಉಂಗುರದ ಹಾಗೆಯೇ. ಅಂದರೆ ಉಂಗುರ ಹಾಕುವುದು ತಪ್ಪಿರಲಿಲ್ಲ. ಭಾವ ಆ ಸಾಲು ಓದಿದ್ದರು. ನೀನು ಬಳಸಿದ ಉಂಗುರಗಳನ್ನು ಕೂಡಿಡುವ ತಂಬಾಕಿನ ಡಬ್ಬಿಯಿಂದ ಹಳೆಯದೊಂದನ್ನು ತೆಗೆದು, ಕೆಟ್ಟಿಲ್ವಲ್ಲ ಎಂದುಕೊಂಡು ಹಾಕಿ, ಹೊಸದನ್ನು ಮುಂದಿನದಕ್ಕೆ ಉಳಿಸಿ, ಆಮೆನ್ ಅಂದಿದ್ದೆ. ನೀನು ಕೆಟ್ಟವನಲ್ಲ. ರಾಕೆಟ್ಟು ಚೂರಾಗಿ ಬಿದ್ದಾಗ, ಎಲ್ಲರೂ ನಿನ್ನ ಮುಖ ನೋಡುತ್ತಿದ್ದಾಗ ಬಾಯಿಂದ ಜಾರಿತು, ಜಾರಿದ ಮೇಲೆ ಹಿಡಿಯಲಾಗಲಿಲ್ಲ, ಅಷ್ಟೇ. ಆ ಡಬ್ಬಿಯಲ್ಲಿದ್ದದ್ದನ್ನೆಲ್ಲ ನಾನು ಒಲೆಗೆ ಹಾಕಿದ್ದೇನೆ. ಉಂಗುರದ ತುಂಡನ್ನೂ ಆ ಹೊಸ ಉಂಗುರವನ್ನೂ ಇದರೊಳಗೆ ಇಟ್ಟಿದ್ದೇನೆ, ನೀನೇ ನೋಡಿಕೋ. ಭಾವನಿಗೆ ನಾನು ಒಂದು ಮಾತೂ ಹೇಳಿಲ್ಲ, ಹೇಳುವುದೂ ಇಲ್ಲ. ನಾನು ಹೇಳಿದರೆ ಅದು ಗಂಡನ ಮೇಲಿನ ಚಾಡಿ. ನೀನು ಹೇಳಿದರೆ ಅವರಿಗೆ ಅವರ ಬಾಯಿ ವಾಪಸ್ ಸಿಗುತ್ತದೆ. ಅಕ್ಷರ ದೊಡ್ಡದಾಗಿ, ಸಾಲುಗಳ ನಡುವೆ ಜಾಗ ಬಿಟ್ಟು ಬರೆ, ರಟ್ಟಿನ ಕಿಟಕಿಗೆ ಹೊಂದಬೇಕು. ಹಬ್ಬದೊಳಗೆ ತಲುಪಬೇಕು. ಮೆಟ್ಟಿಲು ಇಳಿಯಲು ಮೊಣಕಾಲು ಬಿಡುತ್ತಿಲ್ಲ ಎಂದು ನೆವ ಹೇಳಿ, ಮುಂದಿನ ವಾರದಿಂದ ಅಂಚೆ ಕಚೇರಿಗೆ ಹೋಗಿ ಇಸಿಡೋರನ ಉತ್ತರ ತಂದುಕೊಡಿ ಎಂದು ಭಾವನನ್ನೇ ಕೇಳಿಕೊಂಡಿದ್ದೇನೆ, ಹೂಂ ಎಂದಿದ್ದಾರೆ. ಆದ್ದರಿಂದ ಲಕೋಟೆಯ ಮೇಲೆ ನನ್ನ ಹೆಸರು ಬೇಡ, ಅವರದೇ ಬರೆ.